ಗೊರಸು ಕೆತ್ತುವ ಚಾಕು

ಬಾಲಾಪರಾಧಿ ಎಂಬ ಪದ ಬಳಸಬಾರದು ಎಂದು ಹೇಳುವುದಕ್ಕೇ ನಾನು ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದೆ. ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು ಎನ್ನಬೇಕು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಹಗರಿಬೊಮ್ಮನಹಳ್ಳಿಗೆ ಬಂದ ಶಿಕ್ಷಕರು ಅದನ್ನು ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದರು. ಉಪ್ಪಿಟ್ಟು ತಿಂದ ಮೇಲೆ ಅರ್ಧಕ್ಕರ್ಧ ಜನ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಿದ್ದರು. ಅವರ ಮೇಲೆ ನನಗೇನೂ ಕೋಪವಿರಲಿಲ್ಲ. ನಾನೂ ಹದಿನೆಂಟು ವರ್ಷ ಪಾಠ ಮಾಡಿ, ಆಮೇಲೆ ತರಬೇತಿ ಕೊಡಲು ಬಂದವಳು. ತರಬೇತಿಯ ನಿದ್ದೆ ಎಷ್ಟು ರುಚಿ ಎಂಬುದು ನನಗೂ ಗೊತ್ತು.

ದಾರಿ ತಪ್ಪುವ ಮಕ್ಕಳನ್ನು ಮೊದಲೇ ಗುರುತಿಸಲು ಮೇಲಿನಿಂದ ಒಂದು ನಮೂನೆ ಬಂದಿತ್ತು. ಇಂಗ್ಲಿಷಿನಲ್ಲಿತ್ತು, ಕನ್ನಡಕ್ಕೆ ತಂದವಳು ನಾನೇ. ಪದೇ ಪದೇ ಗೈರುಹಾಜರಿ. ತರಗತಿಯಲ್ಲಿ ನಿದ್ದೆ. ರಾತ್ರಿ ಮನೆಯಿಂದ ಹೊರಗಿರುವುದು. ತನಗಿಂತ ಬಹಳ ದೊಡ್ಡವರ ಸಹವಾಸ. ಚೀಲದಲ್ಲಿ ಹರಿತವಾದ ವಸ್ತು. ಪ್ರತಿಯೊಂದರ ಮುಂದೆ ಟಿಕ್ ಹಾಕಲು ಒಂದು ಚೌಕ. ಅಂಥ ಮಗುವನ್ನು ಹತ್ತಿರ ಕರೆದು ಮಾತಾಡಿಸಿ, ಅದರ ಕಷ್ಟ ಕೇಳಿ ಎಂದು ನಾನು ಬಾಯಿಯಲ್ಲಿ ಹೇಳಿದ್ದೆ. ಕಾಗದದ ಮೇಲೆ ಆ ಮಾತು ಇರಲಿಲ್ಲ.

ಒಂದು ತಿಂಗಳು ಬಿಟ್ಟು ಎರಡನೇ ತರಬೇತಿ. ನಮೂನೆ ತುಂಬಿಕೊಂಡು ಬನ್ನಿ ಎಂದಿದ್ದೆ. ಹೆಚ್ಚಿನವರು ಖಾಲಿ ತಂದಿದ್ದರು, ಕೆಲವರು ಬಾಗಿಲ ಬಳಿ ನಿಂತು ಗಡಿಬಿಡಿಯಲ್ಲಿ ಗೀಚುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಒಬ್ಬ ಶಿಕ್ಷಕರು ಮಾತ್ರ ಸ್ಕೇಲಿಟ್ಟು ಕೆಂಪು ಗೆರೆ ಎಳೆದು ಅಚ್ಚುಕಟ್ಟಾಗಿ ತುಂಬಿದ್ದರು. ಒಬ್ಬನೇ ಹುಡುಗ, ಏಳನೇ ತರಗತಿಯವನು, ಐದಕ್ಕೆ ಐದೂ ಟಿಕ್.

"ಬಾಲಾಪರಾಧಿ ಅಂತ ಎಲ್ಲೂ ಬರದಿಲ್ಲ ನೋಡ್ರಿ ಮೇಡಂ," ಎಂದರು ಅವರು.

ನಾನು ಆ ಹಾಳೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ. "ಹಿಂಗ ತುಂಬಬೇಕ್ರಿ," ಎಂದೆ. ಚಪ್ಪಾಳೆ ಬಿತ್ತು. ಹುಡುಗ ಯಾರು, ಯಾರ ಮಗ ಎಂದು ನಾನು ಕೇಳಲಿಲ್ಲ. ಇವತ್ತಿಗೂ ಆ ಚಪ್ಪಾಳೆ ನೆನಪಾದರೆ ನನಗೆ ನನ್ನ ಮೇಲೆಯೇ ಅಸಹ್ಯವಾಗುತ್ತದೆ.

ಅದಾದ ಸ್ವಲ್ಪ ದಿನಕ್ಕೆ ಆ ಶಾಲೆಯ ನೀರಿನ ಮೋಟಾರು ಕಳುವಾಯಿತು. ಊರಿನ ಹೆಸರು ಹೇಳುವುದಿಲ್ಲ. ಪೊಲೀಸರು ಬಂದು ಯಾರ ಮೇಲಾದರೂ ಅನುಮಾನ ಇದೆಯೇ ಎಂದು ಕೇಳಿದರು. ಶಿಕ್ಷಕರು ಬೀರು ತೆಗೆದು ಆ ಹಾಳೆಯನ್ನು ಕೊಟ್ಟರು. ಕೇಡು ಬಗೆದು ಕೊಟ್ಟದ್ದಲ್ಲ, ಕೇಳಿದಾಗ ದಾಖಲೆ ಕೊಡಬೇಕೆಂಬುದು ನಮ್ಮ ರಕ್ತದಲ್ಲೇ ಸೇರಿಹೋಗಿದೆ. ಹುಡುಗನ ಚೀಲ ಸುರುವಿದರು. ಚಾಕು ಸಿಕ್ಕಿತು. ಎರಡು ದಿನ ಬೆಳಗಿನಿಂದ ಸಂಜೆಯವರೆಗೆ ಅವನನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿ ಕೇಳಿದರು, ಹೊಡೆದರು. ಮೂರನೇ ದಿನ ಮೋಟಾರು ಪಕ್ಕದೂರಿನ ಗುಜರಿ ಅಂಗಡಿಯಲ್ಲಿ ಸಿಕ್ಕಿತು. ಹಿಂದೊಮ್ಮೆ ಅದನ್ನು ರಿಪೇರಿ ಮಾಡಲು ಬಂದಿದ್ದವನೇ ಮಾರಿದ್ದ.

ಆ ದಿನ ಶಿಕ್ಷಕರು ನನಗೆ ಫೋನ್ ಮಾಡಿ ಅತ್ತರು. "ಹುಡುಗ ಸಾಲಿಗೆ ಬರವಲ್ಲ ಮೇಡಂ. ಏನ್ ಮಾಡ್ಲಿ?"

"ಅವರ ಮನ್ಯಾಗ ಏನ್ ಕೆಲಸ ಮಾಡ್ತಾರ್ರಿ?" ಎಂದು ಕೇಳಿದೆ. ಎಷ್ಟು ತಡವಾಗಿ ಕೇಳಿದೆ!

"ಕುರಿ ಅದಾವ್ರಿ. ಅಪ್ಪನ ಜೊತಿ ರಾತ್ರಿ ಹೊಲದಾಗ ಮಲಗತಾನ."

"ಮತ್ತ ಚಾಕು?"

"ಕುರಿ ಗೊರಸು ಕೆತ್ತಾಕ ಅಂತ ಹೇಳಿದ್ದ್ರಿ. ನಮೂನ್ಯಾಗ ಅದನ್ನ ಕೇಳಿರ್ಲಿಲ್ಲ, ನಾನೂ ಬರೀಲಿಲ್ಲ."

ಫೋನ್ ಇಟ್ಟೆ. ನನ್ನ ಅಪ್ಪ ಉಚ್ಚಂಗಿದುರ್ಗದ ಗುಡ್ಡದ ಕೆಳಗೆ ಕುರಿ ಕಾಯುತ್ತಿದ್ದ. ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕೆಂದು ರೈತರು ಕರೆದ ಹೊಲದಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸಿ, ಅಲ್ಲೇ ಕಾವಲಿರುತ್ತಿದ್ದೆವು. ತೋಳದ ಭಯಕ್ಕೆ ಎಚ್ಚರವಿದ್ದು, ಮರುದಿನ ನಾನು ಶಾಲೆಯಲ್ಲಿ ತೂಕಡಿಸುತ್ತಿದ್ದೆ. ಹಿಂಡು ದೂರ ಹೋದರೆ ವಾರಗಟ್ಟಲೆ ಗೈರು. ಜೊತೆಗಿರುತ್ತಿದ್ದವರೆಲ್ಲ ಅಪ್ಪನ ವಯಸ್ಸಿನ ಕುರಿಗಾಹಿಗಳೇ. ಸಂಜೆ ನೇರ ಹಿಂಡಿಗೆ ಹೋಗಬೇಕಿದ್ದರಿಂದ ಗೊರಸು ಕೆತ್ತುವ ಚಾಕು ನನ್ನ ಚೀಲದಲ್ಲೇ, ಬಟ್ಟೆ ಸುತ್ತಿಕೊಂಡು ಇರುತ್ತಿತ್ತು. ನಮ್ಮ ಮೇಷ್ಟ್ರು ಅದನ್ನು ಇಸಿದುಕೊಂಡು ಇಡೀ ತರಗತಿಯ ಪೆನ್ಸಿಲು ಕೆತ್ತಿ, ಒರೆಸಿ ವಾಪಸು ಕೊಡುತ್ತಿದ್ದರು. ಅವರಿಗೆ ಯಾವ ತರಬೇತಿಯೂ ಆಗಿರಲಿಲ್ಲ. ಅಂಥ ನಾನು ಆ ಐದು ಸಾಲುಗಳನ್ನು ಒಳ್ಳೆಯ ಕನ್ನಡ ಮಾಡಲು ಒಂದಿಡೀ ಮಧ್ಯಾಹ್ನ ಒದ್ದಾಡಿದ್ದೆ. ಐದಕ್ಕೆ ಐದೂ ನಾನೇ ಎಂದು ಒಮ್ಮೆಯೂ ಹೊಳೆಯಲಿಲ್ಲ. ಬುದ್ಧಿಗೆ ಏನು ಮಂಕು ಕವಿದಿತ್ತೋ.

ಹುಡುಗನ ಮನೆಯವರ ಹಿಂಡು ಮಾಗಳದ ಹತ್ತಿರ ಹೊಳೆದಂಡೆಯಲ್ಲಿದೆ ಎಂದು ತಿಳಿದು, ಒಂದು ಭಾನುವಾರ ಬೆಳಿಗ್ಗೆ ಹೋದೆ. ಹುಡುಗನ ಅಪ್ಪ ಕಂಬಳಿ ಹಾಸಿದ.

"ಕುಂದರ್ರಿ ಅಕ್ಕೋರ. ನಾನಂತೂ ಓದಿಲ್ಲ. ಇವನಾರ ನಾಕಕ್ಷರ ಕಲೀಲಿ ಅಂತ ಆಸಿ ಐತ್ರಿ. ನನ್ನ ಮಾತು ಕೇಳವಲ್ಲ, ನೀವಾರ ಹೇಳ್ರಿ."

ಅವನು ನನ್ನನ್ನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹುಡುಗ ಕುರಿಯೊಂದರ ಕಾಲನ್ನು ಮೊಳಕಾಲ ನಡುವೆ ಹಿಡಿದು, ಮುರುಕು ಬ್ಲೇಡಿನಿಂದ ಗೊರಸು ಹೆರೆಯುತ್ತಿದ್ದ. ಚಾಕು ಇನ್ನೂ ಠಾಣೆಯಲ್ಲೇ ಇತ್ತು. ಆ ಕಾಗದ ನಾನೇ ಬರೆದದ್ದು, ತಪ್ಪು ನನ್ನದು, ನಿಮ್ಮ ಸರ್ ನಾನು ಹೇಳಿದ್ದನ್ನು ಮಾಡಿದರು ಅಷ್ಟೇ, ಶಾಲೆಗೆ ಬಾ ಎಂದೆ. ಅವನು ತಲೆ ಎತ್ತಲಿಲ್ಲ. ಗೊರಸು ಹೆರೆಯುತ್ತಲೇ ಕೇಳಿದ:

"ಅಕ್ಕೋರ, ನಾ ಕುರಿ ಕಾಯ್ತೀನಿ ಅಂತ ಆ ಹಾಳ್ಯಾಗ ಬರದಿತ್ತೇನ್ರಿ?"

"ಇಲ್ಲಪ್ಪಾ. ಅದನ್ನ ಬರಿಯಾಕ ನಾನು ಜಾಗಾನ ಬಿಟ್ಟಿರ್ಲಿಲ್ಲ."

ಅವನು ಆ ಕುರಿಯನ್ನು ಬಿಟ್ಟು ಇನ್ನೊಂದನ್ನು ಹಿಡಿದುಕೊಂಡ. "ಅಲ್ಲಿ ಎಲ್ಲಾರೂ ನನ್ನ ಚೀಲಾನ ನೋಡ್ತಾರ್ರಿ. ನಾ ಒಲ್ಲೆ."

ನಮೂನೆಯನ್ನು ಕೈಬಿಡಬೇಕೆಂದು ಮೇಲಿನವರಿಗೆ ಬರೆದೆ. ಪರಿಶೀಲಿಸಲಾಗುವುದು, ಅಲ್ಲಿಯವರೆಗೆ ಪ್ರತಿ ತಿಂಗಳೂ ತುಂಬಿ ಕಳಿಸುವುದು ಎಂದು ಉತ್ತರ ಬಂತು. ಹುಡುಗ ಬರಲಿಲ್ಲ. ನಾನು ಮತ್ತೆ ಎರಡು ಸಲ ಹೋದೆ. ಎರಡನೇ ಸಲ ಹೋಗುವಷ್ಟರಲ್ಲಿ ಹಿಂಡು ಹೊಳೆ ದಾಟಿ ಎತ್ತಲೋ ಹೋಗಿತ್ತು.

ತಿಂಗಳ ಕೊನೆಗೆ ಅದೇ ಶಿಕ್ಷಕರ ಫೋನ್ ಬಂತು. ದನಿ ತಗ್ಗಿಸಿ ಮಾತಾಡುತ್ತಿದ್ದರು.

"ಮೇಡಂ, ಈ ತಿಂಗಳ ನಮೂನಿ ಕಳಿಸ್ಬೇಕ್ರಿ. ಆ ಹುಡುಗ ತಿಂಗಳಿಂದ ಬಂದಿಲ್ಲ. ಗೈರುಹಾಜರಿ ಚೌಕಕ್ಕ ಟಿಕ್ ಹಾಕ್ಲೇನ್ರಿ?"

ಕೂಗಾಡಬೇಕೆನಿಸಿತು. ಆದರೆ ಹಾಗೆ ತುಂಬಲು ಕಲಿಸಿದವಳು ನಾನು. ಹುಡುಗ ಬರುತ್ತಿಲ್ಲ ಎಂಬುದು ಸುಳ್ಳೂ ಅಲ್ಲ.

"ಹಾಕ್ರಿ," ಎಂದೆ.