ಸವೆಯದ ಅಟ್ಟೆ

ನಮ್ಮ ಭಾವನನ್ನು ನಂಬಿಸುವುದು ಹುಡುಗಾಟದ ಮಾತಲ್ಲ. ಅಕ್ಕನ ಮದುವೆಯ ದಿನವೇ ನನ್ನ ಚಪ್ಪಲಿ ಎತ್ತಿ ನೋಡಿ, ಈ ಹುಡುಗ ಎಡಗಾಲು ಎಳೆದುಕೊಂಡು ನಡೆಯುತ್ತಾನೆ, ಸೋಮಾರಿ ಇರಬೇಕು ಎಂದು ನಾಲ್ಕು ಜನರೆದುರು ಹೇಳಿಬಿಟ್ಟ ಮನುಷ್ಯ ಅವರು. ಶೂ ರಿಪೇರಿ ಅವರ ಕಸುಬು. ಬೀಗದ ಕೈ ಮಾಡುವುದು ನನ್ನದು. ಎರಡೂ ಅಂಗಡಿಗಳ ನಡುವೆ ಇರುವುದು ಸೊಂಟದೆತ್ತರದ ಒಂದೇ ಒಂದು ಹಲಗೆ ಗೋಡೆ. ಹದಿನೈದು ವರ್ಷದಿಂದ ಅದರ ಈಚೆ ಕೂತು ಅವರ ಸುತ್ತಿಗೆಯ ಸದ್ದನ್ನೂ ಅನುಮಾನಗಳನ್ನೂ ಕೇಳುತ್ತಿದ್ದೇನೆ.

ಗಿರಾಕಿ ಬಾಯಿ ತೆರೆಯುವ ಮೊದಲೇ ಭಾವ ಶೂ ಮಗುಚಿ ಅಟ್ಟೆ ನೋಡುತ್ತಾರೆ. ಸಿಗರೇಟು ಬಿಟ್ಟು ಆರು ತಿಂಗಳಾಯಿತು ಎಂದು ಕೊಚ್ಚಿಕೊಳ್ಳುತ್ತಿದ್ದ ಒಬ್ಬ ಗುಮಾಸ್ತನಿಗೆ, ಬೆಂಕಿ ಹೊಸಕಿದ ಕಲೆಗಳನ್ನು ಅವನ ಹೆಂಡತಿಯ ಎದುರೇ ಎಣಿಸಿ ತೋರಿಸಿದ್ದರು. ಆ ಗುಮಾಸ್ತ ಮತ್ತೆ ನಮ್ಮ ಬೀದಿಗೆ ಬರಲಿಲ್ಲ. ಭಾವ ಹೇಳುವುದು ಹತ್ತಕ್ಕೆ ಒಂಬತ್ತು ಸಲ ಸರಿಯಾಗಿಯೇ ಇರುತ್ತಿತ್ತು. ಕಷ್ಟವೂ ಅದೇ ಆಗಿತ್ತು.

ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದ ಒಬ್ಬಳೇ ಮಗಳು ಅವರಿಗೆ. ಕಡ್ಡಿಯಂತೆ ಇದ್ದಳು, ಒಂದು ಕಡೆ ನಿಲ್ಲುತ್ತಿರಲಿಲ್ಲ, ಹಾಗಾಗಿ ನಾನು ಸೂಜಿ ಎಂದು ಕರೆದೆ. ಹೆಸರು ಅಂಟಿಕೊಂಡಿತು. ಅವಳ ಶಾಲೆ ನಮ್ಮ ಅಂಗಡಿಗಳ ಬೆನ್ನಿಗೇ ಇದೆ. ಬೆಳಿಗ್ಗೆ ಹತ್ತು ನಲವತ್ತಕ್ಕೆ ಗಂಟೆ ಹೊಡೆದರೆ ಆರರಿಂದ ಎಂಟನೇ ತರಗತಿಯವರಿಗೆ ಇಪ್ಪತ್ತು ನಿಮಿಷ ಆಟದ ಬಿಡುವು. ಗೋಡೆಯಾಚೆಯಿಂದ ಏಳುವ ಗದ್ದಲಕ್ಕೆ ನನಗೆ ಗಿರಾಕಿಯ ಮಾತೇ ಕೇಳುವುದಿಲ್ಲ. ಭಾವ ಮಾತ್ರ ಸುತ್ತಿಗೆ ಕೆಳಗಿಟ್ಟು, ಚಹಾ ಹಿಡಿದು, ಕಿವಿ ಆ ಕಡೆ ಇಟ್ಟು ಕೂರುತ್ತಿದ್ದರು. ಇನ್ನೂರು ಮಕ್ಕಳ ನಡುವೆ ಮಗಳ ದನಿ ತಮಗೆ ತಿಳಿಯುತ್ತದೆ ಎಂದು ಅವರ ವಾದ. ನಾನು ನಂಬಿರಲಿಲ್ಲ.

ಸಂಜೆ ಮನೆಗೆ ಹೋದ ಕೂಡಲೇ ಅವಳ ಶೂ ಮಗುಚುತ್ತಿದ್ದರು. ಇವತ್ತು ಉಯ್ಯಾಲೆ ಆಡಿದ್ದೀಯ, ಕಾಲ್ಬೆರಳಲ್ಲಿ ನೆಲ ಒತ್ತಿ ನಿಲ್ಲಿಸಿದ್ದೀಯ ಎನ್ನುತ್ತಿದ್ದರು. ಚಿಕ್ಕವಳಿದ್ದಾಗ ಅವಳು ಕಣ್ಣರಳಿಸಿ ನಗುತ್ತಿದ್ದಳು. ನಾವೂ ನಗುತ್ತಿದ್ದೆವು. ಆರನೇ ತರಗತಿಗೆ ಬಂದ ಮೇಲೆ ಧಾಟಿ ಬದಲಾಯಿತು. ಇವತ್ತು ಓಡಿಲ್ಲ, ಗೋಡೆಗೆ ಒರಗಿ ನಿಂತಿದ್ದೆ, ಯಾರ ಜೊತೆ ಟೂ ಬಿಟ್ಟೆ? ಕಾರಣ ಹೇಳುವವರೆಗೆ ಬಿಡುತ್ತಿರಲಿಲ್ಲ. ಒಮ್ಮೆ ಅಟ್ಟೆಯಲ್ಲಿ ಸುಣ್ಣದ ಪುಡಿ ಸಿಕ್ಕಿತು. ಹೊಸ ಕಟ್ಟಡದ ಹಿಂದಿನ ಮೂಲೆಯಲ್ಲಿ ಮಕ್ಕಳು ಗುಂಪಾಗಿ ಕೂರುತ್ತಾರೆ ಎಂದು ಪತ್ತೆ ಹಚ್ಚಿ, ಮರುದಿನವೇ ಹೆಡ್‌ಮಿಸ್ಟ್ರೆಸ್‌ಗೆ ಹೇಳಿ ಬಂದರು. ಆ ಮೂಲೆಗೆ ತಂತಿ ಬೇಲಿ ಬಿತ್ತು. ಅವತ್ತು ರಾತ್ರಿ ಸೂಜಿ ಊಟ ಮಾಡಲಿಲ್ಲ. ಹೊಟ್ಟೆನೋವಂತೆ ಎಂದಳು ಅಕ್ಕ. ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ, ನಾನೂ ಸೇರಿ.

ಏಳನೇ ತರಗತಿಗೆ ಭಾವ ತಾವೇ ಕೈಯಾರೆ ಹೊಸ ಶೂ ಮಾಡಿಕೊಟ್ಟರು. ಮೂರು ತಿಂಗಳ ಮೇಲೆ ಒಂದು ದಿನ ಹಲಗೆ ತಟ್ಟಿ ನನ್ನನ್ನು ಕರೆದರು. ಅವರ ತೊಡೆಯ ಮೇಲೆ ಆ ಜೋಡಿ ಇತ್ತು. ಹಿಮ್ಮಡಿ ಸ್ವಲ್ಪ ಸವೆದಿತ್ತು, ಮುಂದಿನ ತುದಿ ಮಾತ್ರ ಮೊದಲ ದಿನದಂತೆಯೇ ಇತ್ತು.

"ಮನೆಯಿಂದ ಶಾಲೆಗೆ ನಡೆದಿದ್ದಾಳೆ, ಶಾಲೆಯಿಂದ ಮನೆಗೆ ನಡೆದಿದ್ದಾಳೆ, ಅಷ್ಟೇ" ಎಂದರು ಭಾವ. "ಮೂರು ತಿಂಗಳಿಂದ ನನ್ನ ಮಗಳು ಆಟಕ್ಕೆ ಹೋಗಿಲ್ಲ." ದಿನಾ ಅವಳ ದನಿ ಕೇಳುತ್ತದೆ ಅನ್ನುತ್ತಿದ್ದಿರಲ್ಲ ಎಂದರೆ, ಕಿವಿ ಮೋಸ ಹೋಗಬಹುದು, ಅಟ್ಟೆ ಸುಳ್ಳು ಹೇಳುವುದಿಲ್ಲ ಎಂದರು.

ಕೇಳಿದ್ದಕ್ಕೆ ಅವಳು, ದಿನಾ ಆಡ್ತೀನಲ್ಲಪ್ಪ, ಎಂದು ಗಡಿಬಿಡಿಯಲ್ಲಿ ಹೇಳಿ ಒಳಗೆ ಹೋದಳಂತೆ. ಆ ಗಡಿಬಿಡಿಯೇ ಭಾವನ ತಲೆಗೆ ಹುಳ ಬಿಟ್ಟಿತು. ಮೊದಲು ಗೆಳತಿಯರ ಮೇಲೆ ಅನುಮಾನ: ಇವಳನ್ನು ಹೊರಗಿಟ್ಟಿದ್ದಾರೆ. ಆಮೇಲೆ ಕ್ಲಾಸ್ ಟೀಚರ್ ಮೇಲೆ: ಯಾವುದೋ ತಪ್ಪಿಗೆ ಬಿಡುವಿನ ಹೊತ್ತಲ್ಲಿ ಒಳಗೇ ಕೂರಿಸುತ್ತಾರೆ. ಹೇಳಿ ಕಳಿಸಿದಂತೆ ಆ ವಾರವೇ ಟೀಚರ್ ಚಪ್ಪಲಿಗೆ ಹಿಮ್ಮಡಿ ಹಾಕಿಸಲು ಬಂದರು. ಅವರು ತಿರುಗಿ ಹೋದದ್ದೇ ತಡ, ಭಾವ ಚಪ್ಪಲಿಯನ್ನು ನನ್ನ ಮೂಗಿಗೆ ಹಿಡಿದರು. ಬಲಗಡೆ ಮಾತ್ರ ಸವೆದಿತ್ತು. ಬಾಗಿಲಿಗೆ ಒರಗಿ ಕಾವಲು ನಿಲ್ಲುವವರ ಹಿಮ್ಮಡಿ ಹೀಗೇ ಸವೆಯುವುದಂತೆ. ನನಗೂ ಹೌದೆನ್ನಿಸಿತು. ಅನುಮಾನ ಅಂಟುರೋಗ, ನೋಡಿ.

ಪರೀಕ್ಷೆಗೆ ಭಾವ ದಾರಕ್ಕೆ ಸವರುವ ಮೇಣ ತೆಗೆದು, ಅವಳ ಎರಡೂ ಶೂಗಳ ತುದಿಗೆ ಸಾಸಿವೆಯಷ್ಟು ಅಂಟಿಸಿದರು. ನಡೆದರೆ ಆ ಜಾಗ ನೆಲಕ್ಕೆ ತಾಗುವುದಿಲ್ಲ, ಓಡಿದರೆ ತಾಗಿಯೇ ತಾಗುತ್ತದೆ. ದೀಪ ಹಿಡಿದವನು ನಾನೇ. ಐದು ಸಂಜೆ ನೋಡಿದೆವು. ಐದು ಸಂಜೆಯೂ ಮೇಣ ಇಟ್ಟಲ್ಲೇ ಇತ್ತು.

ಆರನೇ ದಿನ ಭಾವ ಕಾಗದ ಬರೆದರು. ಮಗಳಿಗೆ ಬಿಡುವು ಕೊಡದ ಶಾಲೆ ಬೇಡ, ಈ ತಿಂಗಳೇ ಬಿಡಿಸುತ್ತೇನೆ, ಟೀಚರ್ ಮೇಲೆ ಮೇಲಿನವರಿಗೂ ದೂರು ಕೊಡುತ್ತೇನೆ ಎಂದಿತ್ತು. ಅಕ್ಕ ಅಳುತ್ತ ನನ್ನ ಬಳಿ ಬಂದಳು. ಸೂಜಿಗೆ ಆ ಶಾಲೆ ಎಂದರೆ ಪ್ರಾಣ. ನಾನು ಭಾವನಿಗೆ ಒಂದೇ ಮಾತು ಹೇಳಿದೆ: ಅಟ್ಟೆ ನೋಡಿದ್ದು ಸಾಕು, ಒಂದು ಸಲ ಕಣ್ಣಾರೆ ನೋಡಿ, ಆಮೇಲೆ ಕಾಗದ ಕೊಡಿ.

ಮರುದಿನ ಹತ್ತೂವರೆಗೆ ನನ್ನ ಏಣಿಯನ್ನು ಹಿಂದಿನ ಗೋಡೆಗೆ ಇಟ್ಟೆವು. ಐವತ್ತೈದು ದಾಟಿದ ಗಂಡಸು ಕಳ್ಳನಂತೆ ಏಣಿ ಹತ್ತಿ ಗೋಡೆ ಮೇಲೆ ಗದ್ದ ಊರಿದರು. ಪಕ್ಕದಲ್ಲಿ ನಾನು ಡಬ್ಬದ ಮೇಲೆ ನಿಂತೆ. ಗಂಟೆ ಹೊಡೆಯಿತು. ಟೀಚರ್ ಬಂದು ಬಾಗಿಲಿಗೆ ಒರಗಿ ನಿಂತರು. ಭಾವ ನನ್ನ ತೋಳು ಚಿವುಟಿದರು. ಆದರೆ ಟೀಚರ್ ಯಾರನ್ನೂ ತಡೆಯಲಿಲ್ಲ. ಅವರ ಪಕ್ಕದಿಂದಲೇ ಮಕ್ಕಳೆಲ್ಲ ಹೊರಗೆ ನುಗ್ಗಿದರು, ಸೂಜಿಯೂ ಬಂದಳು. ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚಿದಳು, ಕಾಲುಚೀಲ ಮಡಚಿ ಅದರೊಳಗೆ ತುರುಕಿದಳು, ಜೋಡಿಯನ್ನು ಗೋಡೆ ಬದಿಗೆ ನೀಟಾಗಿ ಇಟ್ಟಳು. ಆಮೇಲೆ ಬರಿಗಾಲಲ್ಲಿ ಮೈದಾನಕ್ಕೆ ಹಾರಿದಳು.

ಅಬ್ಬಾ, ಆ ಓಟವೇ! ಎಂಟನೇ ತರಗತಿಯ ಹುಡುಗರೂ ಅವಳನ್ನು ಹಿಡಿಯಲಾಗದೆ ಏದುಸಿರು ಬಿಡುತ್ತಿದ್ದರು. ಅವಳ ಕೂಗು ನಮ್ಮ ಬೀದಿಗೇ ಕೇಳುವಂತಿತ್ತು. ಭಾವ ಏಣಿಯ ಮೇಲೆ ಬಾಯಿ ಮುಚ್ಚಿಕೊಂಡು ನಕ್ಕರು, ಕಣ್ಣಲ್ಲಿ ನೀರು ಬಂತು. ಇಪ್ಪತ್ತು ನಿಮಿಷ ಮುಗಿದಾಗ ಅವಳು ನಲ್ಲಿಯಲ್ಲಿ ಕಾಲು ತೊಳೆದು, ಕರ್ಚೀಫಿನಿಂದ ಬೆರಳ ಸಂದಿಯನ್ನೂ ಒರೆಸಿ, ಶೂ ಹಾಕಿಕೊಂಡು ಒಳಗೆ ಹೋದಳು.

ಇಳಿದ ಮೇಲೆ ಭಾವನಿಗೆ ಹೊಸ ಚಿಂತೆ. ಕಾಗದ ಹರಿದು ಬಿಸಾಡಿದರು, ಆದರೆ ತಾವು ಮಾಡಿದ ಶೂ ಬಿಗಿಯಾಗಿರಬೇಕು, ಮಗು ಹೇಳದೆ ನೋವು ತಿಂದಿದೆ ಎಂದು ಒದ್ದಾಡಿದರು. ಸಂಜೆ ನೆಲದ ಮೇಲೆ ಕೂತು ಅವಳ ಪಾದ ಹಿಡಿದು ಅಳತೆ ತೆಗೆಯತೊಡಗಿದರು. ಗೋಡೆ ಹತ್ತಿದ್ದನ್ನೂ, ಮೇಣ ಅಂಟಿಸಿದ್ದನ್ನೂ ತಾವೇ ಹೇಳಿದರು. ಎಲ್ಲಿ ಕಚ್ಚುತ್ತದೆ ಹೇಳು, ಸಡಿಲ ಮಾಡಿಕೊಡ್ತೀನಿ ಎಂದರು.

ಸೂಜಿ ಕಾಲು ಹಿಂದಕ್ಕೆ ಎಳೆದುಕೊಂಡಳು.

"ಎಲ್ಲೂ ಕಚ್ಚಲ್ಲಪ್ಪ. ಚೆನ್ನಾಗೇ ಇದೆ" ಎಂದಳು. ನೆಲ ನೋಡುತ್ತಲೇ ಮುಂದುವರಿಸಿದಳು. "ಆ ಬೇಲಿ ಹಾಕಿಸಿದ ಮೇಲೆ ಎರಡು ತಿಂಗಳು ನನ್ನ ಜೊತೆ ಯಾರೂ ಮಾತಾಡ್ಲಿಲ್ಲ. ಎಲ್ಲಿಗೆ ಹೋದ್ರೂ ನಿಂಗೆ ಗೊತ್ತಾಗುತ್ತೆ. ಆ ಇಪ್ಪತ್ತು ನಿಮಿಷನಾದ್ರೂ ನಂದಾಗಿರ್ಲಿ ಅಂತ ಬಿಚ್ಚಿಡ್ತಿದ್ದೆ."

ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ನನಗೆ ಎದ್ದು ಹೋಗಬೇಕೆನ್ನಿಸಿತು, ಹೋಗಲಾಗಲಿಲ್ಲ. ದೀಪ ಹಿಡಿದವನು ನಾನೇ ಅಲ್ಲವೇ? ನಾಚಿಕೆಯಾಯಿತು. ಭಾವ ಅಳತೆಯ ಪಟ್ಟಿಯನ್ನು ಸುತ್ತಿ ಸುತ್ತಿ ಬಿಚ್ಚಿದರು, ಮತ್ತೆ ಸುತ್ತಿದರು.

ಅಂದಿನಿಂದ ಮನೆಯಲ್ಲಿ ಅವರು ಮಗಳ ಶೂ ಮುಟ್ಟಲಿಲ್ಲ. ಗಿರಾಕಿಗಳ ಅಟ್ಟೆ ನೋಡುವುದೇನೂ ಬಿಟ್ಟಿಲ್ಲ, ಆದರೆ ನೋಡಿದ್ದನ್ನು ನುಂಗಿಕೊಳ್ಳುವುದನ್ನು ಕಷ್ಟಪಟ್ಟು ಕಲಿತರು. ಹತ್ತು ನಲವತ್ತಕ್ಕೆ ಸುತ್ತಿಗೆ ಕೆಳಗಿಡುವುದು ಮಾತ್ರ ತಪ್ಪಲಿಲ್ಲ.

ಎರಡು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಸೂಜಿ ಶಾಲೆಯಿಂದ ನೇರ ಅಂಗಡಿಗೆ ಬಂದು, ಬಲಗಾಲಿನ ಶೂ ಬಿಚ್ಚಿ ಅಪ್ಪನ ಮುಂದಿಟ್ಟಳು. ತುದಿ ಬಾಯಿ ಬಿಟ್ಟಿತ್ತು. ಏನಾಯಿತೆಂದು ಅವಳು ಹೇಳಲಿಲ್ಲ. ಭಾವನ ಕೈ ಅಭ್ಯಾಸಬಲದಿಂದ ಶೂ ಮಗುಚಲು ಹೊರಟಿತು, ಅರ್ಧದಲ್ಲೇ ನಿಂತಿತು. ಹಲಗೆಯ ಮೇಲಿಂದ ಅದನ್ನು ನನ್ನ ಕಡೆ ಚಾಚಿದರು.

"ನೀನೇ ಹೊಲಿದುಕೊಡು" ಎಂದರು.

ಬೀಗದವನಿಗೆ ಹೊಲಿಗೆ ಏನು ಬರುತ್ತದೆ! ಆದರೂ ಅವರ ದಬ್ಬಳ ಇಸಿದುಕೊಂಡು ಕೂತೆ. ಭಾವ ಬೀದಿ ಕಡೆ ಮುಖ ಮಾಡಿ ಕೂತರು. ಸೂಜಿ ಒಂಟಿ ಕಾಲಲ್ಲಿ ನಿಂತು ಅಪ್ಪನ ಭುಜ ಹಿಡಿದುಕೊಂಡಳು. ನನ್ನ ಹೊಲಿಗೆ ಅಂಕುಡೊಂಕಾಗಿ ಹೋಗುತ್ತಿದ್ದದ್ದು ನೋಡದೆಯೂ ಅವರಿಗೆ ಸದ್ದಿನಲ್ಲೇ ತಿಳಿದಿರಬೇಕು.

"ಹೆಬ್ಬೆರಳ ಹತ್ರ ಎರಡು ಸುತ್ತು ಹಾಕು" ಎಂದರು, ತಿರುಗದೆಯೇ. "ಓಡೋ ಮಗು."