ದೊಡ್ಡೋರು ಬಂದವ್ರೆ

ಕಳೆದ ವಾರ ನಮ್ಮೂರ ನಾಲೆಯ ಹೂಳು ತೆಗೆದರು. ಎಳೆದ ಅಂತರಗಂಗೆ ಕಳೆಯನ್ನೆಲ್ಲ ರಸ್ತೆ ಬದಿಗೆ ಗುಡ್ಡೆ ಹಾಕಿ ಹೋದರು. ಮಧ್ಯಾಹ್ನದ ಬಿಸಿಲಿಗೆ ಅದು ಬಾಡಿ, ಕೆಸರು, ಕೊಳೆತ ಬೇರು, ಸತ್ತ ಮೀನು ಎಲ್ಲ ಸೇರಿದ ಒಂದು ವಾಸನೆ ಮನೆಯೊಳಕ್ಕೇ ಬಂತು. ಅಕ್ಕಪಕ್ಕದವರು ಮೂಗು ಮುಚ್ಚಿಕೊಂಡು ಬೈದರು. ಒಲೆಯ ಮುಂದೆ ಕೂತಿದ್ದ ನಾನು ಎದ್ದು ಬಂದು ಬಾಗಿಲಲ್ಲಿ ನಿಂತೆ. ಅಣ್ಣ ಕೆಲಸ ಮುಗಿಸಿ ಬಂದಾಗ ಅವನ ಖಾಕಿ ಚಡ್ಡಿಯಲ್ಲಿ ಇದೇ ವಾಸನೆ ಇರುತ್ತಿತ್ತು…

ಗಂಡನ ಮನೆ ಬಿಟ್ಟು ನಾನು ವಾಪಸ್ಸು ಬಂದಾಗ ಅವ್ವ ತೀರಿಕೊಂಡಿದ್ದಳು. ಅಣ್ಣನಿಗೆ ಮದುವೆ ಆಗಿರಲಿಲ್ಲ. ಯಾಕೆ ಬಂದೆ ಅಂತ ಅವನು ಕೇಳಲಿಲ್ಲ. ಚೀಲ ಇಳಿಸಿಕೊಂಡು, "ಉಂಡ್ಯಾ?" ಅಂದ, ಅಷ್ಟೆ. ಆಗ ಅವನು ಮಳವಳ್ಳಿ ಕಡೆ, ಕೆರೆ ದಂಡೆಯಲ್ಲಿ ಕಟ್ಟಿದ್ದ ಒಂದು ರೆಸಾರ್ಟಿನಲ್ಲಿ ಕೆಲಸಕ್ಕಿದ್ದ. ಮ್ಯಾನೇಜರನ್ನು ಕೇಳಿಕೊಂಡು ನನಗೂ ಅಲ್ಲೇ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ ಕೊಡಿಸಿದ. ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಅದಕ್ಕಿಂತ ಒಳ್ಳೆಯ ಕೆಲಸ ನನಗೆ ಯಾರು ಕೊಡುತ್ತಿದ್ದರು?

ಆ ಕೆರೆಯಿಂದ ಶಿಂಷಾ ಹೊಳೆಗೆ ಒಂದು ಹಳ್ಳ ಇತ್ತು. ಒಂದು ವರ್ಷ ಹೊಳೆ ತುಂಬಿ ಹಳ್ಳದ ನೀರು ಹಿಂದಕ್ಕೆ ಏರಿತು. ಇಳಿದಾಗ ಕೆರೆಯಲ್ಲಿ ಒಂದು ಮೊಸಳೆ ಉಳಿದುಕೊಂಡಿತ್ತು. ನಾವು ಹೊಳೆ ಪಕ್ಕ ಹುಟ್ಟಿದವರು, ಮೊಸಳೆ ನಮಗೆ ಹೊಸದಲ್ಲ. ಆದರೆ ನೀರಿನ ಹತ್ತಿರ ಅದರ ಹೆಸರು ಎತ್ತಬಾರದು, ಎತ್ತಿದರೆ ಕರೆದ ಹಾಗೆ ಆಗುತ್ತದೆ ಅಂತ ಅವ್ವ ಹೇಳಿಕೊಟ್ಟಿದ್ದಳು. ಅವಳು ಬಟ್ಟೆ ಒಗೆಯುವಾಗ "ದೊಡ್ಡೋರು" ಅನ್ನುತ್ತಿದ್ದಳು. ನಾವೂ ಹಾಗೇ ಅನ್ನುತ್ತಿದ್ದೆವು.

ಅಣ್ಣನಿಂದ ರೆಸಾರ್ಟಿನವರೆಲ್ಲ ಆ ಮಾತು ಕಲಿತರು. ಅವರಿಗೂ ಅದು ಅನುಕೂಲವೇ ಆಯಿತು. ಹೆಸರು ಕಿವಿಗೆ ಬಿದ್ದರೆ ಬಂದವರು ರೂಮು ಖಾಲಿ ಮಾಡಿಕೊಂಡು ಹೋಗುತ್ತಾರೆ ಅಂತ ಯಜಮಾನರಿಗೆ ಭಯ. ಹಿಡಿಯುವುದಕ್ಕೆ ಬಂದ ಫಾರೆಸ್ಟಿನವರು ಬೋನು ಇಟ್ಟು ನೋಡಿದರು, ಬೀಳಲಿಲ್ಲ. ಕೊನೆಗೆ ದಂಡೆಗೆ ತಂತಿ ಬೇಲಿ ಎಳೆದು, ಮೆಟ್ಟಿಲ ಹತ್ತಿರ "ನೀರು ಆಳವಾಗಿದೆ, ಇಳಿಯಬೇಡಿ" ಅಂತ ಒಂದು ಬೋರ್ಡು ನೆಟ್ಟರು. ಅಣ್ಣನಿಗೆ ಒಂದು ಟೋಪಿ, ಒಂದು ಸೀಟಿ ಕೊಟ್ಟು ದಂಡೆ ಕಾಯುವುದಕ್ಕೆ ಹಾಕಿದರು. ಯಾರೂ ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಡದ ಹಾಗೆ, ನಾಯಿ ಬಿಡದ ಹಾಗೆ, ನಾವು ಅಡುಗೆಮನೆಯವರು ಕೋಳಿ ಕಸ ಆ ಕಡೆ ಎಸೆಯದ ಹಾಗೆ ನೋಡಿಕೊಳ್ಳುವುದು ಅವನ ಕೆಲಸ. ಮ್ಯಾನೇಜರು ನಮ್ಮನ್ನೆಲ್ಲ ನಿಲ್ಲಿಸಿಕೊಂಡು, "ಬಂದೋರ ಮುಂದೆ ಆ ಹೆಸ್ರು ಯಾರ ಬಾಯಲ್ಲಿ ಬತ್ತದೋ, ಅವರು ಅವತ್ತೇ ಮನೆಗೆ" ಅಂದರು. ರೂಮು ಗುಡಿಸುವವನೊಬ್ಬ ಬಾಯಿ ತಪ್ಪಿ ಹೇಳಿಬಿಟ್ಟ. ಸಂಜೆಗೆ ಅವನ ಸೈಕಲ್ಲು ಗೇಟಿನಾಚೆ ಹೋಯಿತು.

ಯಜಮಾನರನ್ನೂ ನಾವು ದೊಡ್ಡೋರು ಅಂತಲೇ ಕರೆಯುತ್ತಿದ್ದೆವು. ಅಡುಗೆಮನೆಯಲ್ಲಿ ಇದೇ ಒಂದು ತಮಾಷೆ. ಅಡುಗೆ ಭಟ್ಟರು ಒಳಗಿನಿಂದ, "ದೊಡ್ಡೋರು ಬಂದವ್ರೆ ಕಣ್ಲಾ, ಕೋಳಿ ತತ್ತಾ" ಅಂತ ಕೂಗಿದರೆ, ಅಣ್ಣ ಕಿಟಕಿಯಿಂದ ತಲೆ ಹಾಕಿ, "ಯಾವ ದೊಡ್ಡೋರು? ಕಾರಲ್ಲಿ ಬಂದೋರಾ, ನೀರಲ್ಲಿ ಬಂದೋರಾ?" ಅನ್ನುತ್ತಿದ್ದ.

"ಯಾರಾದ್ರೇನ್ಲಾ, ಇಬ್ರೂ ಮೂಳೆ ಬುಡಾಕಿಲ್ಲ."

ಆದರೆ ಕಾರಲ್ಲಿ ಬರುವವರನ್ನು ಕಂಡರೆ ಅಣ್ಣನಿಗೆ ಎಲ್ಲಿಲ್ಲದ ಭಯ. ಕಾರಿನ ಸದ್ದು ಕೇಳಿದ್ದೇ ಟೋಪಿ ಸರಿ ಮಾಡಿಕೊಂಡು ಬಗ್ಗಿಬಿಡುತ್ತಿದ್ದ. ಕೀಳುವುದಕ್ಕೆ ಹುಲ್ಲಿಲ್ಲದಿದ್ದರೆ ಒಣಗಿದ ಎಲೆಯನ್ನಾದರೂ ಆರಿಸುತ್ತಿದ್ದ. ತಲೆ ಎತ್ತಿ ನೋಡುತ್ತಲೂ ಇರಲಿಲ್ಲ.

"ಯಾಕಣ್ಣ, ದೊಡ್ಡೋರು ಬಂದ್ರೆ ನಿನ್ ಸೊಂಟ ನೆಟ್ಗೆ ನಿಲ್ಲಾಕಿಲ್ವಾ?" ಅಂತ ನಾನು ಆಡಿಕೊಳ್ಳುತ್ತಿದ್ದೆ.

"ಸುಮ್ಕೆ ನಿಂತಿರೋನ್ಗೆ ಯಾರಮ್ಮಿ ಸಂಬಳ ಕೊಡ್ತಾರೆ?" ಅನ್ನುತ್ತಿದ್ದ.

ಆ ದಿನ… ಮಾರನೆಯ ದಿನ ಒಂದು ಮದುವೆಯ ಪಾರ್ಟಿ ಬರುವುದಿತ್ತು. ಮೆಟ್ಟಿಲ ಸುತ್ತ ಅಂತರಗಂಗೆ ಹಬ್ಬಿ ನೀರೇ ಕಾಣುತ್ತಿರಲಿಲ್ಲ. ಫೋಟೋ ತೆಗೆಯುವ ಜಾಗ, ತೆಗೆದುಬಿಡು ಅಂತ ಮ್ಯಾನೇಜರು ಅಣ್ಣನಿಗೆ ಹೇಳಿದರು. ವ್ಯವಸ್ಥೆ ನೋಡುವುದಕ್ಕೆ ಯಜಮಾನರೂ ಬರಬಹುದು ಅಂತ ಬೆಳಗ್ಗೆಯಿಂದ ಸುದ್ದಿ ಇತ್ತು. ಅಣ್ಣ ಹಣೆಗೆ ಕೈ ಅಡ್ಡ ಹಿಡಿದು ಕೆರೆಯ ನಡುವಿನ ಬಂಡೆ ನೋಡಿದ. ಅದು ಅಲ್ಲಿ ಬಿಸಿಲು ಕಾಯುತ್ತಾ ಮಲಗಿತ್ತು. ನನ್ನನ್ನು ಕರೆದು ಮೇಲಿನ ಮೆಟ್ಟಿಲ ಮೇಲೆ ನಿಲ್ಲಿಸಿದ.

"ಅದು ಕಣ್ಗೆ ಕಾಣ್ತಿರೋಗಂಟ ಯೋಚ್ನೆ ಇಲ್ಲ ಕಣಮ್ಮಿ. ಬಂಡೆ ಮ್ಯಾಲಿಂದ ಕಣ್ ತೆಗೀಬ್ಯಾಡ. ಇಳೀತೋ, ಕೂಗು."

ಸೊಂಟದವರೆಗೆ ನೀರಿಗಿಳಿದು, ಬೆನ್ನು ಕೆರೆಗೆ ಮಾಡಿ, ಎರಡೂ ಕೈಯಲ್ಲಿ ಬೇರು ಎಳೆದೆಳೆದು ದಂಡೆಗೆ ಎಸೆಯುತ್ತಿದ್ದ. ಸೀಟಿ ಅವನ ಕೊರಳಲ್ಲೇ ಉಳಿದಿತ್ತು. ಅದನ್ನು ನನಗೆ ಕೊಡಬೇಕು ಅಂತ ಇಬ್ಬರಿಗೂ ಹೊಳೆಯಲಿಲ್ಲ.

ನಾನು ಕಣ್ಣು ತೆಗೆಯಲಿಲ್ಲ. ಇದನ್ನು ನಾನು ಯಾರಿಗೂ ಹೇಳಿಲ್ಲ. ಬಂಡೆಯ ಮೇಲಿದ್ದದ್ದು ಸದ್ದಿಲ್ಲದೆ ಜಾರಿ ನೀರಿಗೆ ಸೇರಿದ್ದನ್ನು ನಾನು ಸರಿಯಾಗಿ ನೋಡಿದೆ. ನನ್ನ ಹಿಂದೆ ಹುಲ್ಲಿನ ಮೇಲೆ ಸಿಟಿಯಿಂದ ಬಂದ ಒಂದು ಸಂಸಾರ ಕೂತು ತಿಂಡಿ ತಿನ್ನುತ್ತಿತ್ತು. ಅವರ ಹತ್ತಿರ ಮ್ಯಾನೇಜರು ನಗುನಗುತ್ತಾ ಮಾತಾಡುತ್ತಾ ನಿಂತಿದ್ದರು. ಬಾಯಿಗೆ ಬಂದ ಹೆಸರನ್ನು ನುಂಗಿಕೊಂಡೆ.

"ಅಣ್ಣಾ, ದೊಡ್ಡೋರು ಬಂದ್ರು!" ಅಂತ ಕೂಗಿದೆ.

ಅಣ್ಣ ಟೋಪಿ ಸರಿ ಮಾಡಿಕೊಂಡ. ಇನ್ನೂ ಬಗ್ಗಿದ. ಕೈ ಇನ್ನೂ ಜೋರಾಗಿ ಓಡಿತು.

ಆ ಬೆನ್ನು ನೋಡಿದಾಗಲೇ ಅವನು ಏನು ತಿಳಿದುಕೊಂಡ ಅಂತ ನನಗೆ ಗೊತ್ತಾಯಿತು. ಇನ್ನೊಂದು ಸಲ ಕೂಗುವಷ್ಟು ಹೊತ್ತು ಇತ್ತು. ಇತ್ತು… ನಾನು ಹಿಂದೆ ತಿರುಗಿ ಮ್ಯಾನೇಜರ ಮುಖ ನೋಡಿದೆ. ಮತ್ತೆ ಕೂಗಿದ್ದೂ ಅದೇ ಮಾತು, "ದೊಡ್ಡೋರು ಕಣಣ್ಣಾ!"

ಅದು ಅವನ ಬಲಗೈ ಕಚ್ಚಿ ಎಳೆಯಿತು. ಭಟ್ಟರು, ತೋಟದವರು ಬೊಂಬು ಹಿಡಿದು ಓಡಿಬಂದು ಹೊಡೆದು ಬಿಡಿಸಿದರು. ಜೀವ ಉಳಿಯಿತು. ಮಂಡ್ಯದ ಆಸ್ಪತ್ರೆಯಲ್ಲಿ ಬಲಗೈಯನ್ನು ಮೊಣಕೈವರೆಗೆ ತೆಗೆದರು.

ಅವ್ವ ಕಲಿಸಿದ ಮಾತು ಅಡ್ಡ ಬಂತು, ನೀರಿನ ಹತ್ತಿರ ಹೆಸರು ಎತ್ತಬಾರದಿತ್ತಲ್ಲ ಅಂತ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಆ ಹೊತ್ತಲ್ಲಿ ನನಗೆ ಅವ್ವ ನೆನಪಾಗಲಿಲ್ಲ. ಗೇಟಿನಾಚೆ ಹೋದ ಆ ಸೈಕಲ್ಲು ನೆನಪಾಯಿತು.

ನೋಡುವುದಕ್ಕೆ ಬಂದವರಿಗೆಲ್ಲ ಅಣ್ಣ ತಾನೇ ಮೊದಲು ಹೇಳುತ್ತಿದ್ದ: "ಇವಳ್ದೇನೂ ತಪ್ಪಿಲ್ಲ ಕಣ್ರಪ್ಪ. ಅದು ನೀರ್ಗಿಳಿದಿದ್ದು ಇವಳ್ಗೆ ಕಾಣ್ಲಿಲ್ಲ. ಯಜಮಾನ್ರು ಬಂದ್ರು ಅಂತ ಕೂಗುದ್ಲು, ಪಾಪ. ನಾನು ಬಗ್ಗಿದೆ." ನಾನು ಪಕ್ಕದಲ್ಲಿ ಕೂತು ತಲೆ ಆಡಿಸುತ್ತಿದ್ದೆ.

ಆಮೇಲೆ ಅವನು ಮನೆ ಬಿಟ್ಟು ಹೆಚ್ಚಾಗಿ ಹೋಗಲಿಲ್ಲ. ಮುದ್ದೆಯನ್ನು ಎಡಗೈಲಿ ಮುರಿದು ಸಾರಿಗೆ ಅದ್ದಬೇಕಾಗಿತ್ತು. ನಾಲ್ಕು ಜನರ ಪಂಕ್ತಿಯಲ್ಲಿ ಎಡಗೈ ಎಲೆಗೆ ಹಾಕುವುದು ಅವನಿಂದ ಆಗಲಿಲ್ಲ. ಮದುವೆ, ತಿಥಿ, ಎಲ್ಲ ಬಿಟ್ಟ. ಮನೆಯಲ್ಲೂ ನನ್ನ ಕಡೆ ಬೆನ್ನು ಮಾಡಿ ಗೋಡೆ ನೋಡಿಕೊಂಡು ಉಣ್ಣುತ್ತಿದ್ದ. ನಾನೂ ಆ ಕೆಲಸಕ್ಕೆ ಮತ್ತೆ ಹೋಗಲಿಲ್ಲ, ಗದ್ದೆ ಕೂಲಿಗೆ ಹೋದೆ. ಒಂದೇ ಮನೆಯಲ್ಲಿ ಇಬ್ಬರು, ಒಬ್ಬೊಬ್ಬರೇ ಉಂಡೆವು.

ಒಂದು ದಿನ ಹಾಗೆ ಉಣ್ಣುತ್ತಾ, ತಿರುಗದೆಯೇ ಕೇಳಿದ: "ಅಮ್ಮಿ, ಅವತ್ತು ಕಾರಲ್ಲಿ ಬರೋ ದೊಡ್ಡೋರು ಬಂದಿದ್ರಾ?"

ಯಜಮಾನರು ಆ ದಿನ ಬಂದೇ ಇರಲಿಲ್ಲ. ಆ ಮಾತು ಯಾರ ಬಾಯಿಂದಲಾದರೂ ಅವನ ಕಿವಿಗೆ ಬಿದ್ದಿತ್ತೋ ಏನೋ. ಸೌಟು ಕೈಯಲ್ಲಿ ಹಿಡಿದು ನಾನು ಅವನ ಬೆನ್ನನ್ನೇ ನೋಡಿದೆ.

"ಬಂದಿದ್ರು ಕಣಣ್ಣ," ಅಂದೆ.

ಅವನು ಎಡಗೈಲಿ ಇನ್ನೊಂದು ತುತ್ತು ಮುರಿದ. "ಅಂಗಾದ್ರೆ ಸರಿ ಬುಡು," ಅಂದ. ತಟ್ಟೆ ಹಿಂದಕ್ಕೆ ಚಾಚಿದ, ಇನ್ನೊಂದು ಸೌಟು ಸಾರು ಹಾಕಿದೆ. ಮತ್ತೆ ಯಾವತ್ತೂ ಕೇಳಲಿಲ್ಲ. ಜ್ವರ ಬಂದು ಮಲಗಿದವನು ಏಳಲಿಲ್ಲ. ಕೊನೆಗೂ ನಾನು ಹೇಳಲಿಲ್ಲ…

ನಾಲೆಯ ವಾಸನೆ ಎರಡು ದಿನ ಹೋಗಲಿಲ್ಲ. ಮೂರನೇ ದಿನ ಮಳವಳ್ಳಿ ಬಸ್ಸು ಹತ್ತಿದೆ. ರೆಸಾರ್ಟು ಈಗ ಬೇರೆಯವರ ಕೈಯಲ್ಲಿದೆ. ಗೇಟಿನ ಪಕ್ಕದಿಂದಲೇ ಕೆರೆ ಕಾಣುತ್ತದೆ. ಬೇಲಿ ಎತ್ತರವಾಗಿದೆ. ಹಳೆಯ ಬೋರ್ಡಿನ ಜಾಗದಲ್ಲಿ ದೊಡ್ಡದಾಗಿ ಚಿತ್ರ ಬರೆದು, ಕೆಂಪಕ್ಷರದಲ್ಲಿ ಹೆಸರು ಹಾಕಿದ್ದಾರೆ. ಬೆರಳು ಮುಂದೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಮೂರೇ ಅಕ್ಷರ.

ಆಗ ಒಬ್ಬ ಹುಡುಗಿ ಫೋನು ಹಿಡಿದು ಬೇಲಿಯ ಬಾಗಿಲು ದಾಟಿ ಮೆಟ್ಟಿಲಿಗೆ ಇಳಿದಳು. ದಂಡೆ ಕಾಯುವವನು ಕುರ್ಚಿಯಿಂದ ಏಳದೆಯೇ ಕೂಗಿದ: "ಏ ತಾಯಿ, ಮೊಸಳೆ ಅದೆ, ಮ್ಯಾಕ್ಕೆ ಬನ್ನಿ!"

ಹುಡುಗಿ ಓಡಿ ಮೇಲೆ ಬಂದಳು. ಹುಲ್ಲಿನ ಮೇಲೆ ಕೂತವರು ಒಂದು ಸಲ ತಿರುಗಿ ನೋಡಿ ಮತ್ತೆ ತಿನ್ನತೊಡಗಿದರು. ಯಾರೂ ಅವನನ್ನು ಏನೂ ಅನ್ನಲಿಲ್ಲ.

ಕೊನೆಯ ಬಸ್ಸು ಹಿಡಿದು ಮನೆಗೆ ಬಂದೆ. ಒಂದು ಮುದ್ದೆ ಕಟ್ಟಿ, ಅಣ್ಣ ಕೂರುತ್ತಿದ್ದ ಗೋಡೆಯ ಕಡೆ ಮುಖ ಮಾಡಿ ಉಂಡೆ. ಆ ಮೂರು ಅಕ್ಷರ ಗೋಡೆಗೆ ಗಟ್ಟಿಯಾಗಿ ಹೇಳಿದೆ. ಕೇಳಿಸಿಕೊಳ್ಳುವುದಕ್ಕೆ ಅಲ್ಲಿ ಬೆನ್ನೂ ಇರಲಿಲ್ಲ.