ಪರ್ಡಿ ಸಾಹುಕಾರರ ಕೊನೆಯ ಮತ

ನೋವಾ ಸ್ಕೋಷಿಯಾದ ಆ ಹೊಳೆದಂಡೆಗೆ ಈನಕ್ ಪರ್ಡಿ ಬಂದದ್ದು ಹನ್ನೆರಡನೇ ವಯಸ್ಸಿನಲ್ಲಿ, ಹೆಗಲ ಮೇಲೊಂದು ಕೊಡಲಿ ಹೊತ್ತು. ಐವತ್ತು ತುಂಬುವಷ್ಟರಲ್ಲಿ ಮರ ಕೊಯ್ಯುವ ಗಿರಣಿ, ಮೂರು ಹಡಗು, ಊರಿನ ಅರ್ಧ ಮನೆಗಳು ಅವರವೇ. ಎರಡು ಸಲ ಶಾಸನಸಭೆಯಲ್ಲೂ ಕೂತು ಬಂದಿದ್ದರು. ಗಿರಣಿಯ ಗರಗಸದಾಳು ಲಾಕ್ಲನ್‌ಗೆ ಅವರೆಂದರೆ ಭಯವೂ ಹೌದು, ಭಕ್ತಿಯೂ ಹೌದು. ಗರಗಸದ ಹಲ್ಲು ಹರಿತ ಮಾಡುವುದನ್ನು ಅವನಿಗೆ ಕಲಿಸಿದವರೇ ಅವರು.

ಆದರೆ ಈ ಸಲದ ಚುನಾವಣೆಯಲ್ಲಿ ಪರ್ಡಿಯವರು ಗೆದ್ದರೆ ಗಿರಣಿಗಾಗಿ ಹೊಳೆಗೆ ಅಡ್ಡಲಾಗಿ ದೊಡ್ಡ ಕಟ್ಟೆ ಏಳುತ್ತಿತ್ತು. ಕಟ್ಟೆ ಎದ್ದರೆ ಮೀನು ಮೇಲಕ್ಕೆ ಹತ್ತುವುದಿಲ್ಲ; ಮೇಲ್ದಂಡೆಯಲ್ಲಿದ್ದ ಲಾಕ್ಲನ್‌ನ ಅಣ್ಣತಮ್ಮಂದಿರಿಗೆ ಚಳಿಗಾಲವಿಡೀ ಉಪವಾಸವೇ ಗತಿ. ಇನ್ನು ಆಗಿನ ಮತದಾನವೋ, ದೇವರೇ ಕಾಪಾಡಬೇಕು! ಚೀಟಿಯಿಲ್ಲ, ಮರೆಯಿಲ್ಲ. ಅಭ್ಯರ್ಥಿಗಳಿಬ್ಬರೂ ಕೂತಿರುವ ಅಟ್ಟಣೆ ಹತ್ತಿ, ಅವರ ಮುಖ ನೋಡಿಕೊಂಡೇ ಹೆಸರು ಕೂಗಬೇಕು.

"ಸುಮ್ನೆ ಸಾಹುಕಾರ್ರ ಹೆಸ್ರು ಹೇಳ್ಬಿಟ್ಟು ಬನ್ರೀ," ಎಂದಿದ್ದಳು ಹೆಂಡತಿ ಐಸೊಬೆಲ್. "ಈ ಮನೆ ಅವ್ರದ್ದು. ಮಕ್ಳನ್ನ ಹಿಮದಲ್ಲಿ ಮಲಗಿಸ್ತೀರಾ?"

ಸಂಜೆ ಹೊತ್ತಿಗೆ ಪರ್ಡಿಯವರು ಒಂದೇ ಮತದಿಂದ ಮುಂದಿದ್ದರು. ಉಳಿದವರು ಇಬ್ಬರೇ: ಲಾಕ್ಲನ್, ಮತ್ತು ಸ್ವತಃ ಪರ್ಡಿ. ಲಾಕ್ಲನ್ ಅಟ್ಟಣೆ ಹತ್ತಿದ.

"ಏನೋ ಲಾಕ್ಲನ್, ನಾಲಿಗೇನ ಗಿರಣೀಲೇ ಬಿಟ್ಟು ಬಂದ್ಯಾ?" ಎಂದು ಯಾರೋ ಛೇಡಿಸಿದರು.

ಅವನು ಪರ್ಡಿಯವರ ಮುಖ ನೋಡಿದ. "ಡಾಕ್ಟರ್ ಮೊಫಟ್," ಎಂದುಬಿಟ್ಟ. ಎದುರಾಳಿಯ ಹೆಸರು! ಮತಗಳು ಸಮಸಮವಾದವು. ನನ್ನ ಕೈಯಾರೆ ನನ್ನ ಮನೆ ಕಳೆದುಕೊಂಡೆ ಎನಿಸಿತು ಅವನಿಗೆ.

ಪರ್ಡಿ ಎದ್ದರು. ಅಭ್ಯರ್ಥಿಗಳು ತಂತಮ್ಮ ಹೆಸರು ಹೇಳಿಕೊಳ್ಳದೆ ಎದುರಾಳಿಗೆ ಮತ ಕೊಡುವುದು ಅಲ್ಲಿನ ದೊಡ್ಡಮನುಷ್ಯರ ಪದ್ಧತಿ. ಮೊಫಟ್ ಬೆಳಗ್ಗೆಯೇ ಪರ್ಡಿಯ ಹೆಸರು ಹೇಳಿಯಾಗಿತ್ತು. ಆದರೆ ಅದೇನು ಕಾನೂನಲ್ಲವಲ್ಲ!

"ಪದ್ಧತಿ ಹಾಳಾಗ್ಲಿ ಸ್ವಾಮಿ, ನಿಮ್ಮ ಹೆಸ್ರೇ ಹೇಳ್ಕೊಳ್ಳಿ!" ಎಂದು ಅವರ ಕಡೆಯವರು ಕೂಗಿದರು.

ಪರ್ಡಿ ಟೋಪಿ ತೆಗೆದರು. "ಡಾಕ್ಟರ್ ಮೊಫಟ್," ಎಂದರು, ಇಡೀ ಊರಿಗೆ ಕೇಳುವ ಹಾಗೆ.

ಅಬ್ಬಾ, ಎಂಥ ಮನುಷ್ಯ! ಲಾಕ್ಲನ್‌ಗೆ ಮೈಯೆಲ್ಲ ಜುಮ್ಮೆಂದಿತು. ಆದರೂ ಮರುದಿನ ಬೆಳಗ್ಗೆ ಗಿರಣಿಗೆ ಹೋಗಿ ಮನೆಯ ಕೀಲಿಕೈಯನ್ನು ಅವರ ಮುಂದಿಟ್ಟ.

"ತಗೊಂಡ್ಹೋಗಯ್ಯಾ," ಎಂದರು ಪರ್ಡಿ. "ನಿನ್ನೆ ಕೊನೇಲಿ ನನ್ನ ಸೋಲಿಸ್ದೋರು ಇಬ್ರು. ಆ ಇನ್ನೊಬ್ಬನ್ನ ಇಲ್ಲಿಂದ ಓಡಿಸೋಕೆ ನನ್ನ ಕೈಲಾಗಲ್ಲ. ಇನ್ನು ನಿನ್ನನ್ನ ಯಾವ ಮುಖ ಇಟ್ಕೊಂಡು ಓಡಿಸ್ಲಿ?"

ಲಾಕ್ಲನ್ ಗರಗಸದ ಮುಂದೆ ಕೂತ. ಕಣ್ಣು ತುಂಬಿ ಬಹಳ ಹೊತ್ತು ಅದರ ಹಲ್ಲುಗಳೇ ಕಾಣಲಿಲ್ಲ.